ಎಂಜಿನ್ ಕೆಮ್ಮಿದರೆ ಮೊದಲು ದಡ

ತಾಂಡೇಲನ ಕಣ್ಣು ಯಾವತ್ತೂ ಕೆಂಪು. ಬಿಸಿಲು, ಉಪ್ಪುಗಾಳಿ, ಡೀಸೆಲ್ ಹೊಗೆ ಸೇರಿ ಅದರ ಬಿಳಿಯನ್ನು ಹುರಿದು ಹಾಕಿದ್ದವು. ಆ ಕಣ್ಣು ಹಳದಿಯಾದದ್ದನ್ನು ನಾನು ಬೇಲಿಯ ಈಚೆಯಿಂದ ಕಂಡೆ. ಹೊನ್ನಾವರದಲ್ಲಿ ನರ್ಸ್ ಆಗಿದ್ದು, ನಿವೃತ್ತಳಾಗಿ ತೆಂಗಿನಗುಂಡಿಗೆ ಬಂದವಳು ನಾನು. ಬೆಳಿಗ್ಗೆ ಆರಕ್ಕೆ ನಾನು ಅಂಗಳಕ್ಕೆ ನೀರು ಹಾಕುವುದೂ ಪಕ್ಕದ ಮನೆಯ ಅವನು ಬಂದರಿಗೆ ಹೊರಡುವುದೂ ಒಂದೇ ಹೊತ್ತಿಗೆ.

ತಾಂಡೇಲನೆಂದರೆ ಬೋಟು ನಡೆಸುವವನು; ಅವನಿಗೆ ಅವನದೇ ಶಿಸ್ತು ಇತ್ತು. ಹಗ್ಗ ಬಿಚ್ಚುವ ಮೊದಲು ಬೋಟಿನಲ್ಲಿ ದುಡಿಯುವ ಪ್ರತಿಯೊಬ್ಬ ಕಲಾಸಿಯ ಹೆಸರು ಕೂಗುತ್ತಿದ್ದ. ಎದುರಿಗೇ ನಿಂತಿದ್ದರೂ ಅವನು "ಓ" ಎನ್ನಬೇಕು. ಎಲ್ಲರೂ ಓಗೊಟ್ಟ ಮೇಲೆ "ಬಿಡಿ" ಎನ್ನುತ್ತಿದ್ದ. ಇನ್ನೊಂದು ಮಾತು, "ಎಂಜಿನ್ ಕೆಮ್ಮಿದ್ರೆ ಮೊದ್ಲು ದಡ, ಆಮೇಲೆ ಮಾತು." ಒಮ್ಮೆ ಬಂಗುಡೆಯ ಹಿಂಡು ಕಣ್ಣೆದುರಿಗಿದ್ದಾಗ ಎಂಜಿನ್ ಕೆಮ್ಮಿತೆಂದು ಬೋಟು ತಿರುಗಿಸಿಬಿಟ್ಟ. ಮೆಕ್ಯಾನಿಕ್ ಬಿಚ್ಚಿ ನೋಡಿದರೆ ದೋಷವೇ ಇಲ್ಲ. ಬಂದರಿನವರೆಲ್ಲ ನಕ್ಕರು.

"ಎಂತ ಇಲ್ದಿದ್ರೆ ಒಳ್ಳೇದೇ ಆತಲ್ಲ" ಎಂದನಷ್ಟೆ.

ಇಂಥವನು ಕಣ್ಣು ಹಳದಿಯಾದಾಗ ಕಾಮಾಲೆಯ ಪಥ್ಯ ಹಿಡಿದು ಕೂತ. ಯಾರೋ ಕೊಟ್ಟ ಸೊಪ್ಪಿನ ರಸ, ಉಪ್ಪಿಲ್ಲದ ಗಂಜಿ. ಎಣ್ಣೆ ಇಲ್ಲ, ಮನೆಯಲ್ಲಿ ಮೀನಿನ ವಾಸನೆಯೂ ಇಲ್ಲ. ಅವನ ಹೆಂಡತಿ ಒಣಮೀನಿನ ಚಾಪೆಯನ್ನು ನನ್ನ ಅಂಗಳಕ್ಕೆ ತಂದು ಹಾಸಿದಳು. ಪಥ್ಯ ಮುಗಿಯುವ ತನಕ ಬೇರೆ ಮದ್ದು ಮುಟ್ಟುವುದಿಲ್ಲವೆಂದು ಮದ್ದು ಕೊಟ್ಟವರಿಗೆ ಅವನು ಮಾತು ಕೊಟ್ಟಿದ್ದ.

ಕೆಲವು ದಿನ ಬಿಟ್ಟು ನೋಡಲು ಹೋದೆ. ಜಗುಲಿ ಹತ್ತುವಷ್ಟಕ್ಕೇ ಅವನಿಗೆ ಏದುಸಿರು. ಅಂಗೈ ತಿರುಗಿಸಿ ನೋಡಿದರೆ ಸುಣ್ಣ ಬಳಿದ ಹಾಗೆ. ಮೂತ್ರ ಕರಿ ಚಹಾದ ಬಣ್ಣ ಎಂದ.

"ಕಣ್ಣು ಹಳದಿಯಾದ್ದು ಸರಿ. ಮೈಯಲ್ಲಿದ್ದ ರಕ್ತ ಎಲ್ಲಿ ಹೋಯ್ತು? ಈಗಲೇ ಹೊರಡು" ಎಂದೆ.

"ಪಥ್ಯ ಅರ್ಧಕ್ಕೆ ಮುರಿದ್ರೆ ಕಾಮಾಲೆ ತಲೆಗೇರ್ತದಂತೆ ಬಾಯೋರೆ" ಎಂದು ಹೆಂಡತಿ ಅಡ್ಡ ಬಂದಳು.

"ಮಾತು ಕೊಟ್ಟಾತು. ಮುಗೀಲಿ, ಬತ್ತೆ" ಎಂದ ಅವನು.

ವಾದಿಸುವಷ್ಟು ಸಮಯ ಅವನ ಬಳಿ ಇಲ್ಲವೆಂದು ನನಗೆ ಗೊತ್ತಿತ್ತು. "ತಾಂಡೇಲ, ಎಂಜಿನ್ ಕೆಮ್ತಾ ಅದೆ" ಎಂದೆ.

ನನ್ನನ್ನೇ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಅಂಗಿ ತಕಂಬಾ" ಎಂದ.

ಹೊನ್ನಾವರದಲ್ಲಿ ಡಾಕ್ಟರು ಎಡ ಪಕ್ಕೆಯ ಕೆಳಗೆ ಒತ್ತಿದರು. ಹಳೆಯ ರಕ್ತಕಣಗಳನ್ನು ಸೋಸುವ ಗುಲ್ಮ ದಪ್ಪಗಾಗಿ ಕೈಗೆ ಸಿಕ್ಕಿತು. ಹಿಮೋಗ್ಲೋಬಿನ್ ಇರಬೇಕಾದ್ದರ ಮೂರನೇ ಒಂದು ಪಾಲೂ ಇರಲಿಲ್ಲ. "ಲಿವರ್ ಚೆನ್ನಾಗಿದೆ. ಕೆಂಪು ಕಣಗಳು ಹುಟ್ಟುವುದಕ್ಕಿಂತ ಬೇಗ ಒಡೆಯುತ್ತಿವೆ. ಒಡೆದ ಕಣದ ಬಣ್ಣವೇ ಕಣ್ಣಿಗೆ ಬಂದಿದೆ" ಎಂದರು. ಕೂಂಬ್ಸ್ ಎಂಬ ಪರೀಕ್ಷೆಯಲ್ಲಿ ಮಿಕ್ಕದ್ದು ತಿಳಿಯಿತು. ರೋಗದ ವಿರುದ್ಧ ಕಾದಾಡಬೇಕಾದ ದೇಹದ ಕಾವಲೇ ಸ್ವಂತ ರಕ್ತಕಣಗಳಿಗೆ ಅಂಟಿಕೊಂಡು ಅವುಗಳನ್ನು ಮುಗಿಸುತ್ತಿತ್ತು. ಕೆಲವರಿಗೆ ಇದು ಯಾವುದೋ ಮಾತ್ರೆಯಿಂದ ಬರುತ್ತದೆ, ಕೆಲವರಿಗೆ ಬೇರೆ ಕಾಯಿಲೆಯ ಬೆನ್ನಿಗೆ. ಅವನಿಗೆ ಏಕೆ ಬಂತೆಂದು ಕೊನೆಗೂ ತಿಳಿಯಲಿಲ್ಲ.

ಸ್ಟೀರಾಯ್ಡ್ ಶುರುವಾಯಿತು. ಅದು ಕೆಲಸ ಮಾಡುವ ತನಕ ಜೀವ ಹಿಡಿದಿಡಲು ರಕ್ತ ಬೇಕು. ಕಲಾಸಿಗಳು ಮೀನಿನ ಟೆಂಪೋ ಹತ್ತಿ ಬಂದರು. ಅವನ ರಕ್ತದ ಜೊತೆ ಅವರ ರಕ್ತದ ಮಾದರಿಯೂ ಕುಮಟೆಯ ರಕ್ತನಿಧಿಗೆ ಹೋಯಿತು. ಸಂಜೆಯ ಹೊತ್ತಿಗೆ ಫೋನು ಬಂತು. ಗುಂಪು ಕೂಡಿದರೂ ಯಾರ ರಕ್ತವೂ ಹೊಂದುತ್ತಿಲ್ಲ, ಎಲ್ಲರ ಕಣಗಳ ಮೇಲೂ ಅವನ ರಕ್ತ ಎರಗುತ್ತಿದೆ.

"ಒಂದೇ ಪಾತ್ರೆ ಗಂಜಿ ಉಂಡವ್ರು. ರಕ್ತ ಮಾತ್ರ ಬೇರೆ ಆತಾ?" ಎಂದ ತಾಂಡೇಲ.

"ನಿನ್ನ ರಕ್ತಕ್ಕೂ ನಿನ್ನಷ್ಟೇ ಹಟ ಮಾರಾಯ. ಯಾರನ್ನೂ ಹತ್ರ ಸೇರ್ಸೂದಿಲ್ಲ" ಎಂದ ಹಿರಿಯ ಕಲಾಸಿ.

ಇದ್ದುದರಲ್ಲಿ ಕಡಿಮೆ ತಕರಾರಿನ ಬಾಟಲಿಯನ್ನು ಹನಿಹನಿಯಾಗಿ ಕೊಟ್ಟು ನೋಡುವುದೆಂದು ಡಾಕ್ಟರು ತೀರ್ಮಾನಿಸಿದರು. ಚಳಿ, ಜ್ವರ, ಸೊಂಟನೋವು ಬಂದರೆ ತಕ್ಷಣ ನಿಲ್ಲಿಸಬೇಕು. ಡ್ಯೂಟಿಯ ನರ್ಸ್ ಸೂಜಿ ಹಿಡಿದು ಬಂದಾಗ ತಾಂಡೇಲ ಕೈ ಎತ್ತಿ ತಡೆದ. ಒಬ್ಬೊಬ್ಬರ ಹೆಸರು ಕೂಗಿದ, ದನಿ ಬಾಗಿಲ ತನಕವೂ ಮುಟ್ಟದಷ್ಟು ಸಣ್ಣಗೆ. ಒಬ್ಬೊಬ್ಬರೂ "ಓ" ಎಂದರು. ಕೊನೆಗೆ ನನ್ನ ಕಡೆ ನೋಡಿ, "ಬಿಡಿ ಬಾಯೋರೆ" ಎಂದ.

ನಾಡಿಯ ಮೇಲಿಟ್ಟ ಬೆರಳನ್ನು ನಾನು ತೆಗೆಯಲಿಲ್ಲ. ಚಳಿ ಬರಲಿಲ್ಲ.

ಕೆಲವು ವಾರಗಳಲ್ಲಿ ಅವನ ಮೈಗೆ ಬಣ್ಣ ಮರಳಿತು. ಸ್ಟೀರಾಯ್ಡನ್ನು ಒಮ್ಮೆಲೇ ಬಿಡಬಾರದು, ಮೆಲ್ಲಗೆ ಇಳಿಸಬೇಕು. ಬೆಳಿಗ್ಗೆ ಬೇಲಿಯ ಬಳಿ ನಿಂತು, ನನ್ನೆದುರು ಮಾತ್ರೆ ನುಂಗಿ ಬಾಯಿ ತೆರೆದು ತೋರಿಸುತ್ತಿದ್ದ, ಅಣಕಕ್ಕೆ. ಕಣ್ಣು ಮತ್ತೆ ಕೆಂಪಾಯಿತು. ಅದನ್ನು ನೋಡಿ ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

ಮರುವರ್ಷ ಬೋಟುಗಳೆಲ್ಲ ದಡ ಸೇರಿದ್ದ ಮಳೆಗಾಲದಲ್ಲಿ, ಕೈಚೀಲ ಹಿಡಿದು ನನ್ನ ಗೇಟಿನಲ್ಲಿ ನಿಂತಿದ್ದ. "ಕೆಮ್ತು ಬಾಯೋರೆ. ನಡೀರಿ."

ಈ ಸಲ ಒಂದು ಗಳಿಗೆಯನ್ನೂ ಅವನು ಕಳೆದಿರಲಿಲ್ಲ. ಆದರೆ ಕೊಟ್ಟ ರಕ್ತವೂ ಒಡೆಯುತ್ತ ಹೋಯಿತು, ಸ್ಟೀರಾಯ್ಡಿನ ಹಿಡಿತಕ್ಕೆ ರೋಗ ಬರಲಿಲ್ಲ. ಬೇರೆ ಮದ್ದು ಹಾಕಿದರು. ಗುಲ್ಮ ತೆಗೆಯುವ ಮಾತಾಗುತ್ತಿರುವಾಗಲೇ ಹೃದಯ ಸೋತಿತು, ಅವನು ಉಳಿಯಲಿಲ್ಲ.

ಈ ಬೇಸಿಗೆಯ ಒಂದು ಬೆಳಿಗ್ಗೆ ನೀರು ಹಾಕುತ್ತಿದ್ದಾಗ ನನ್ನ ಎದೆ ಬಿಗಿಯಿತು. ಹಿಡಿದ ಕೆಲಸ ಮುಗಿಸದೆ ಕೂರುವ ಅಭ್ಯಾಸ ನನಗಿಲ್ಲ. ಅಂದು ಕೊಡವನ್ನು ನಡು ಅಂಗಳದಲ್ಲೇ ಇಳಿಸಿ, ಬೇಲಿಯಾಚೆ ಅವನ ಹೆಂಡತಿಯನ್ನು ಕೂಗಿದೆ. ಅವಳು ಏಕೆಂದು ಕೇಳಲಿಲ್ಲ, ರಿಕ್ಷಾ ಕರೆಸಿದಳು. ಆಸ್ಪತ್ರೆಯಿಂದ ಮರಳಿ ಬಂದಾಗಲೂ ಕೊಡ ಅಲ್ಲೇ ಇತ್ತು, ಅರ್ಧ ಅಂಗಳ ಒಣಗಿಯೇ ಇತ್ತು.