ಮಾರುವ ಕೋಸು, ತಿನ್ನುವ ಕೋಸು

ನಮ್ಮ ಮನೆಯಲ್ಲಿ ಬಹಳ ವರ್ಷ ಕೋಸು ಎರಡು ಬಗೆಯದಾಗಿತ್ತು. ಮಾರುವುದು ಹೊಲದಲ್ಲಿ, ತಿನ್ನುವುದು ಹಿತ್ತಿಲಲ್ಲಿ. ಹೊಲದ್ದಕ್ಕೆ ವಾರಕ್ಕೊಂದು ಸಲ ಹುಳದ ಮದ್ದು, ಹಿತ್ತಿಲದ್ದಕ್ಕೆ ಒಲೆಯ ಬೂದಿ. ಇದರಲ್ಲಿ ಏನೋ ತಪ್ಪಿದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಎಲ್ಲರೂ ಮಾಡುವ ತಪ್ಪು ತಪ್ಪಿನ ಹಾಗೆ ಕಾಣುವುದಿಲ್ಲ, ಪದ್ಧತಿಯ ಹಾಗೆ ಕಾಣುತ್ತದೆ.

ನಮ್ಮವ್ವನ ಕಾಲದಲ್ಲಿ ಈ ಎರಡು ಬಗೆ ಇರಲಿಲ್ಲ. ಆಗ ಕೋಸೇ ಇರಲಿಲ್ಲ ಅನ್ನಿ. ರಾಗಿ, ಸಾಮೆ, ಅವರೆ, ಕುಂಬಳ. ಹೊಲದಲ್ಲಿ ಬೆಳೆದದ್ದು ಮಡಕೆಗೆ, ಮಡಕೆಗೆ ಮಿಕ್ಕಿದ್ದು ಸಂತೆಗೆ. ಎಲ್ಲಕ್ಕಿಂತ ಮೊದಲು ಕೊಯ್ದದ್ದು ಸುಗ್ಗಿ ಹಬ್ಬದ ದಿನ ಚರ್ಚಿಗೆ. ಆ ಹಬ್ಬ ಇವತ್ತಿಗೂ ನನಗೆ ಮೊದಲು ಮೂಗಿನಲ್ಲೇ ನೆನಪಾಗುತ್ತದೆ. ಅವರೆಕಾಯಿ ಸೊಗಡು, ಹೊಸ ತೆನೆಯ ದೂಳು, ಪೀಠದ ಮುಂದೆ ಕಾಲು ಕಟ್ಟಿ ಮಲಗಿಸಿದ ಹುಂಜ. ಹಳೇ ಪಾದ್ರಿಗಳು ಪ್ರಾರ್ಥನೆ ಶುರು ಮಾಡಿದರೆ ಹುಂಜವೂ ಶುರು ಮಾಡುತ್ತಿತ್ತು. ಇಬ್ಬರಲ್ಲಿ ಹುಂಜವೇ ಬೇಗ ಮುಗಿಸುತ್ತಿತ್ತು.

ಆಮೇಲೆ ಕೋಸು ಬಂತು. ಕೋಸಿನ ಹಿಂದೆ ಹುಳ ಬಂತು, ಹುಳದ ಹಿಂದೆ ಮದ್ದಿನಂಗಡಿ ಬಂತು. ಕೋಸು ಜಿಪುಣರ ಜಾತಿಯದು. ಮಳೆಯಾಗಲಿ ಮದ್ದಾಗಲಿ, ಮೈಮೇಲೆ ಬಿದ್ದದ್ದನ್ನೆಲ್ಲ ಒಳಗೆ ಮಡಚಿ ಇಟ್ಟುಕೊಳ್ಳುತ್ತದೆ. ಇದು ನಮಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಲ್ಲವೇ ಹಿತ್ತಿಲಲ್ಲಿ ಬೇರೆ ಬೆಳೆದುಕೊಂಡದ್ದು.

ನಮ್ಮ ಹೊಲಕ್ಕೆ ಮದ್ದು ಹೊಡೆಯುತ್ತಿದ್ದವಳು ಕೇತಮ್ಮ. ಕಾಡಂಚಿನ ಬೆಟ್ಟದ ಜನ, ನನಗಿಂತ ಹತ್ತು ವರ್ಷ ಚಿಕ್ಕವಳು. ಮದ್ದಿನ ಡಬ್ಬ ಬೆನ್ನಿಗೆ ಹಾಕಿಕೊಂಡು, ಸೆರಗನ್ನು ಬಾಯಿಗೆ ಕಟ್ಟಿಕೊಂಡು ಸಾಲು ಸಾಲು ಹೋಗುತ್ತಿದ್ದಳು. ಅವಳ ಅಂಗೈ ಚರ್ಮ ಸುಲಿದು ಬರುತ್ತಿತ್ತು. ನಾನು ಕೊಬ್ಬರಿ ಎಣ್ಣೆ ಕೊಡುತ್ತಿದ್ದೆ. ಎಣ್ಣೆ ಕೊಟ್ಟೆನಲ್ಲ ಅಂತ ನನ್ನ ಮನಸ್ಸು ತಣ್ಣಗಿರುತ್ತಿತ್ತು.

ಹೀಗಿರುವಾಗ ನಮ್ಮ ಸಭೆಗೆ ಪಾದ್ರಮ್ಮ ಬಂದರು. ಅಲ್ಲಿಯ ತನಕ ಹೆಂಗಸು ಪಾದ್ರಿಯನ್ನು ನಾವು ಕಂಡಿರಲಿಲ್ಲ. ಕೂತು ಹಾಡುತ್ತಿದ್ದ ಸಭೆಯನ್ನು ಎಬ್ಬಿಸಿ ಹೊರಗೆ ಹೊರಡಿಸಿದರು. ಶನಿವಾರ ಕಾಡುದಾರಿಯಲ್ಲಿ ಪ್ಲಾಸ್ಟಿಕ್ ಹೆಕ್ಕುವುದು. ಮೇವನ್ನೆಲ್ಲ ನುಂಗಿ ಬೆಳೆದ ಮುಳ್ಳುಗಿಡಗಳನ್ನು ಬೇರುಸಹಿತ ಕೀಳುವುದು. ಬೆಟ್ಟದ ಜನರ ಭೂಮಿಯ ಅರ್ಜಿ ಹಿಡಿದು, ಅವರ ಜೊತೆ ತಾಳವಾಡಿಯ ತಾಲೂಕು ಕಚೇರಿ ಜಗಲಿಯ ಮೇಲೆ ದಿನಗಟ್ಟಲೆ ಕೂರುವುದು. "ಇವ್ರೇನು ಪಾದ್ರಮ್ಮನೋ, ಪಾರೆಸ್ಟ್ ಗಾರ್ಡೋ," ಅಂತ ನಮ್ಮ ಹಿರಿಯರು ಗೊಣಗಿದರು. ನಾನು ತಪ್ಪದೆ ಹೋಗುತ್ತಿದ್ದೆ. ಭಕ್ತಿಗಲ್ಲ. ಕೆಲಸ ಮುಗಿದ ಮೇಲೆ ಟೀ, ಬನ್ನು ಕೊಡುತ್ತಿದ್ದರು.

ಒಂದು ಭಾನುವಾರ ಪಾದ್ರಮ್ಮ ನಿಂತಲ್ಲೇ ಕೇಳಿದರು: "ನೀವು ಮಾರುವುದನ್ನು ನೀವು ತಿನ್ನುತ್ತೀರಾ?"

ಮುಂದಿನ ಸಾಲಿನವರು ಹಾಡಿನ ಪುಸ್ತಕದ ಹಾಳೆ ತಿರುವತೊಡಗಿದರು.

"ಹಾಗಾದರೆ ಈ ಸಲ ಸುಗ್ಗಿ ಹಬ್ಬಕ್ಕೆ ಮಾರುವ ಹೊಲದ ಕೋಸನ್ನೇ ತನ್ನಿ. ದೇವರ ಮುಂದಿಟ್ಟು, ಅದನ್ನೇ ಬೇಯಿಸಿ, ಎಲ್ಲರೂ ಕೂತು ಉಣ್ಣೋಣ. ಬೆಟ್ಟದವರನ್ನೂ ಕರೆದಿದ್ದೇನೆ."

ಹಬ್ಬದ ದಿನ ನಾನು ಹೊಲದಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕೋಸು ಕೊಯ್ದು ಹೊತ್ತುಕೊಂಡು ಹೋದೆ. ಸತ್ಯವಂತೆ ಅನ್ನಿಸಿಕೊಳ್ಳಲು ಅಲ್ಲ, ಜಂಬಕ್ಕೆ. ಪ್ರತಿ ವರ್ಷ ಪೀಠದ ಮುಂದೆ ನನ್ನದೇ ದೊಡ್ಡದಿರಬೇಕು. ಎಲ್ಲರೂ ಹೊಲದ್ದೇ ತರುತ್ತಾರೆ, ಅದರಲ್ಲೂ ನಂದೇ ಮೇಲು ಅಂದುಕೊಂಡು ಒಳಗೆ ಹೋಗಿ ನೋಡಿದರೆ, ಇದ್ದಬದ್ದವೆಲ್ಲ ಗಿಡ್ಡ ಗಿಡ್ಡ ಕೋಸು, ಎಲೆಯೆಲ್ಲ ಜರಡಿ. ಒಂದರ ಮೇಲೆ ಹಸಿರು ಹುಳ ನಿಧಾನವಾಗಿ ತೆವಳುತ್ತಿತ್ತು. ಒಬ್ಬರೂ ಬಿಡದೆ ಹಿತ್ತಿಲದ್ದನ್ನೇ ತಂದು ಹೊಲದ್ದು ಅಂತ ಇಟ್ಟಿದ್ದರು. ನಡುವೆ ನನ್ನದೊಂದು, ಎಣ್ಣೆ ಸವರಿದ ಹಾಗೆ ಹೊಳೆಯುತ್ತಾ.

ಪಾದ್ರಮ್ಮ ಅದನ್ನೇ ಎತ್ತಿಕೊಂಡರು. "ಇದು ಯಾರದು?"

"ನಂದು."

"ಹೊಲದ್ದಾ?"

"ಒಲದ್ದೇ. ನೀವೇ ತಾನೆ ಏಳಿದ್ದು."

"ಬೇಯಿಸೋಣವಾ?" ಅಂತ ಅವರು ಸಭೆಯನ್ನು ಕೇಳಿದರು. ಒಬ್ಬ ಹಿರಿಯರು ತೊಲೆ ಎಣಿಸತೊಡಗಿದರು. ಇನ್ನೊಬ್ಬರಿಗೆ ಕೆಮ್ಮು ಬಂತು.

ಬಾಗಿಲ ಹತ್ತಿರ ತನ್ನ ಜನರ ಜೊತೆ ಕೂತಿದ್ದ ಕೇತಮ್ಮ ಎದ್ದಳು. "ಬ್ಯಾಡ ಕಣವ್ವ. ಮೊನ್ನೆ ಬೇಸ್ತವಾರ ನಾನೇ ಮದ್ದು ಒಡ್ದಿವ್ನಿ. ಮಕ್ಕ ತಿಂತವೆ." ಆಮೇಲೆ ನನ್ನ ಕಡೆ ತಿರುಗಿ, "ಗೊತ್ತಿದ್ದೂ ತಂದಿದ್ದೀಯಲ್ಲ, ನಿಂಗೇನು ಬಂದಿತ್ತು," ಅಂದಳು.

ಮಕ್ಕಳು ತಿನ್ನುತ್ತಾರೆ ಅಂದಳು. ಮಾರನೆಯ ದಿನವೇ ಅದೇ ಹೊಲದ ಕೋಸು ಟೆಂಪೋ ಹತ್ತಿ ಬೆಟ್ಟ ಇಳಿದು ಸತ್ಯಮಂಗಲದ ತರಕಾರಿ ಮಂಡಿಗೆ ಹೋಗಬೇಕಿತ್ತು. ಅಲ್ಲೂ ಮಕ್ಕಳಿರುತ್ತಾರೆ ಅನ್ನುವುದು ನನಗೆ ತಿಳಿಯದ್ದೇನಲ್ಲ. ಆದರೆ ಅವರ ಪರವಾಗಿ ಯಾರೂ ಹೀಗೆ ಬಾಗಿಲಲ್ಲಿ ಎದ್ದು ನಿಂತಿರಲಿಲ್ಲ.

ಪಾದ್ರಮ್ಮ ಅವತ್ತು ಪ್ರಸಂಗ ಮಾಡಲಿಲ್ಲ. ಹುಳ ತಿಂದು ಬಿಟ್ಟ ಕೋಸಿನಲ್ಲೇ ಸಾರು ಆಯಿತು, ರುಚಿಯಾಗಿಯೇ ಇತ್ತು. ನನ್ನದನ್ನು ಸೆರಗಿನಲ್ಲಿ ಮುಚ್ಚಿ, ಕದ್ದ ಮಾಲಿನ ಹಾಗೆ ಮನೆಗೆ ತಂದೆ. ಹಸು ಕತ್ತು ಚಾಚಿತು. ಅದಕ್ಕೂ ಹಾಕಲು ಮನಸ್ಸು ಬರಲಿಲ್ಲ. ಹಸುವಿಗೆ ಹಾಕದ್ದನ್ನು ಮಂಡಿಗೆ ಹೇಗೆ ಹಾಕಲಿ ಅಂತ ಅಲ್ಲೇ ಕೊಟ್ಟಿಗೆಯಲ್ಲಿ ಕೂತೆ.

ಸೋಮವಾರ ಟೆಂಪೋದವನು ಬಂದ. "ಅಜ್ಜೀ, ಮೂಟೆ ಎಲ್ಲಿ?"

"ಎಲ್ಡು ವಾರ ಬುಟ್ಟು ಬಾ. ಮದ್ದು ಇಳೀಲಿ."

"ಅಷ್ಟೊತ್ಗೆ ಬಿರ್ದು ಒಡ್ದೋಯ್ತವೆ ಕಣಜ್ಜಿ. ಆಮ್ಯಾಕೆ ಯಾರೂ ಮೂಸಾಕಿಲ್ಲ."

"ಒಡೀಲಿ ಬುಡ್ಲಾ. ನಿನ್ ತಲೆ ಅಲ್ವಲ್ಲ."

ಅವನು ಹೇಳಿದಂತೆಯೇ ಆಯಿತು, ಅರ್ಧಕ್ಕರ್ಧ ಒಡೆದವು. ಅಷ್ಟಕ್ಕೇ ನಾನು ಒಳ್ಳೆಯವಳಾದೆ ಅಂತ ತಿಳಿಯಬೇಡಿ. ಸಭೆಯ ಮುಂದೆ ನಾಚಿಕೆಯಾಯಿತು, ಅಷ್ಟೆ. ಒಳ್ಳೆಯತನಕ್ಕೆ ಕಾದಿದ್ದರೆ ಇನ್ನೂ ಕಾಯುತ್ತಲೇ ಇರುತ್ತಿದ್ದೆ.

ಪಾದ್ರಮ್ಮನಿಗೆ ಹೋದ ವರ್ಷ ವರ್ಗವಾಯಿತು. ಈಗಿನವರು ಚೆನ್ನಾಗಿ ಹಾಡುತ್ತಾರೆ. ಶನಿವಾರ ಚೀಲ ಹಿಡಿದು ಕಾಡುದಾರಿಗೆ ಹೋಗುವವರು ನಾಲ್ಕೇ ಜನ. ಆ ಹಬ್ಬದ ಮೇಲೆ ಮದ್ದು ಬಿಟ್ಟಿದ್ದ ಕೆಲವು ಹೊಲಗಳಲ್ಲಿ ಡಬ್ಬ ಮತ್ತೆ ಬೆನ್ನಿಗೇರಿದೆ. ಅವರನ್ನು ನಾನು ಬಯ್ಯುವುದಿಲ್ಲ, ಆ ಬೈಗುಳ ನನಗೇ ಮೊದಲು ತಗಲುತ್ತದೆ. ಆ ಹೆಂಗಸಿನ ನೆನಪು ಮಾತ್ರ ಆಗಾಗ ಬರುತ್ತದೆ. ಒಂದೇ ಪ್ರಶ್ನೆ ಕೇಳಿ, ಉತ್ತರ ನಮ್ಮ ಕೈಲೇ ಹೊರಿಸಿದವರು.

ನಾನೀಗ ಅರ್ಧ ಹೊಲಕ್ಕೆ ರಾಗಿ, ಅರ್ಧಕ್ಕೆ ಕೋಸು ಹಾಕುತ್ತೇನೆ. ಕೇತಮ್ಮನಿಗೆ ಕೂಲಿ ತಪ್ಪಿಲ್ಲ, ಮದ್ದಿನ ಬದಲು ಹುಳ ಹೆಕ್ಕುವ ಕೆಲಸ. ಮದ್ದು ಹೊಡೆಯುವವಳ ಹತ್ತಿರ ಯಾರೂ ನಿಲ್ಲುವುದಿಲ್ಲ, ಗಾಳಿ ನೋಡಿಕೊಂಡು ದೂರ ಸರಿಯುತ್ತಾರೆ. ಇಷ್ಟು ವರ್ಷ ನಾನೂ ಬದುವಿನ ಆಚೆ ನಿಂತೇ ಅವಳಿಗೆ ಕೂಗಿ ಹೇಳುತ್ತಿದ್ದೆ. ಹುಳ ಹೆಕ್ಕಬೇಕಾದರೆ ಸಾಲಿನ ಆ ಕಡೆ ಅವಳು, ಈ ಕಡೆ ನಾನು, ಎದುರುಬದುರು ಕೂರಬೇಕು. ನನಗೆ ಬಾಯಿ ಸುಮ್ಮನಿರುವುದಿಲ್ಲ. ನಮ್ಮವ್ವನ ಕಾಲದ್ದೆಲ್ಲ ಹೇಳುತ್ತಾ ಹೋಗುತ್ತೇನೆ.

ಮೊನ್ನೆ ಕೇತಮ್ಮ ಒಂದು ಹುಳ ಹಿಡಿದು ಡಬ್ಬಿಗೆ ಹಾಕುತ್ತಾ, "ನಿನ್ ಮಾತು ಕೇಳೋದ್ಕಿಂತ ಆ ಮದ್ದೇ ವಾಸಿಯಾಗಿತ್ತು ಕಣವ್ವ," ಅಂದಳು.

ಅಂದಳೇ ಹೊರತು ಎದ್ದು ಹೋಗಲಿಲ್ಲ. ಇನ್ನೂ ಆರು ಸಾಲು ಇದ್ದವು.