ಬೊಂಬೆ ಹಬ್ಬದ ಬಾರ್ಸಿಲೋನಾ

ಟೀಚರ ಮನೆಯ ಪೈರು ತಾನಾಗಿ ಒಣಗಲಿಲ್ಲ. ನಾನು ನೀರು ಹಾಕಲಿಲ್ಲ, ಅದಕ್ಕೇ ಒಣಗಿತು. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕದ್ದು ಬರೆಯುವುದು ಸುಲಭ.

ಟೀಚರ ಪಾದ ಬಹಳ ದೊಡ್ಡದು. ಹೆಂಗಸರ ಚಪ್ಪಲಿ ಯಾವುದೂ ಆಗುತ್ತಿರಲಿಲ್ಲ. ಗಂಡಸರ ಕಪ್ಪು ಚಪ್ಪಲಿ, ಕೆಳಗೆ ಟೈರಿನ ಅಟ್ಟೆ ಹೊಡೆದದ್ದು, ಅದನ್ನೇ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು. ಮದರಾಸಿನ ಕೋಡಂಬಾಕ್ಕಂನ ನಮ್ಮ ವಠಾರದ ಮೆಟ್ಟಿಲ ಮೇಲೆ ಆ ಚಪ್ಪಲಿ ಸದ್ದಾದರೆ ಸಾಕು, ಊಟಕ್ಕೆ ಕೂತಿದ್ದ ನನ್ನ ಮಗಳ ಕೈ ತಟ್ಟೆಯಲ್ಲೇ ನಿಂತುಬಿಡುತ್ತಿತ್ತು. ಅವಳ ಅಪ್ಪ ಅಂಬತ್ತೂರಿನ ಕಾರ್ಖಾನೆಯಿಂದ ಸುಸ್ತಾಗಿ ಬಂದರೂ ಅವಳು ಹಾಗೆ ತಲೆ ಎತ್ತಿದವಳಲ್ಲ. ನಾನು ಕರೆದರಂತೂ ಕೇಳಲೇಬೇಡಿ.

ಎಪ್ಪತ್ತರ ದಶಕದ ಮಾತು ಇದು. ಕೆಳಗಿನ ಪೋರ್ಷನ್ ನಮ್ಮದು, ಮಹಡಿಯ ಮೇಲಿನ ಒಂದೂವರೆ ಕೋಣೆ ಟೀಚರದು. ಮಂಗಳೂರು ಕಡೆಯವರು, ಮದುವೆಯಾಗಿರಲಿಲ್ಲ. ನನ್ನ ಮಗಳು ಓದುತ್ತಿದ್ದ ಶಾಲೆಯಲ್ಲೇ ಚರಿತ್ರೆ ಪಾಠ ಹೇಳುತ್ತಿದ್ದರು. ಊರಿಂದ ಕುಚ್ಚಲಕ್ಕಿ ತರಿಸಿಕೊಂಡು ತಾವೇ ಬೇಯಿಸಿಕೊಳ್ಳುತ್ತಿದ್ದರು. ಯಾವ ಜಗಳದ ಸುದ್ದಿ ಬಂದರೂ, ಅದು ಕೊಳಾಯಿ ಮುಂದಿನ ಜಗಳವೇ ಆಗಲಿ, ಪೇಪರಿನಲ್ಲಿ ಬಂದದ್ದೇ ಆಗಲಿ, ಅವರದು ಒಂದೇ ಮಾತು: "ಯಾರು ಗೆದ್ದದ್ದು ಅಂತ ಆಮೇಲೆ ಕೇಳುವ. ಎಂತಕ್ಕೆ ಶುರುವಾದದ್ದು, ಅದು ಹೇಳಿ ಮೊದಲು."

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ನನ್ನ ಮಗಳು ನನ್ನ ಹತ್ತಿರ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು, ಟೀಚರ ಹತ್ತಿರ ಮಾತ್ರ ಶುದ್ಧ ಕನ್ನಡ. ಅದೂ ಮಂಗಳೂರು ಕನ್ನಡ. ಒಂದು ದಿನ ಮರೆತು ನನ್ನನ್ನೇ ಸಾರಿಗೆ ಉಪ್ಪು ಉಂಟಾ ಎಂದು ಕೇಳಿದಳು. ಸೌಟು ಕೈಯಲ್ಲಿತ್ತು, ಹೊಡೆಯಲಿಲ್ಲ.

ನನಗೆ ಅಂತ ಇದ್ದದ್ದು ಒಂದೇ ಹೆಸರು, ಬೊಂಬೆ ಹಬ್ಬದ್ದು. ನವರಾತ್ರಿಗೆ ನಮ್ಮ ಮನೆಯಲ್ಲಿ ಒಂಬತ್ತು ಮೆಟ್ಟಿಲು ಬೊಂಬೆ. ತೌರಿನಿಂದ ಕೊಟ್ಟ ಪಟ್ಟದ ಬೊಂಬೆ ಮೇಲೆ, ಅಕ್ಕಿ ಬೇಳೆ ಮುಂದಿಟ್ಟುಕೊಂಡ ಶೆಟ್ಟಿ ಬೊಂಬೆ ಕೆಳಗೆ. ವಠಾರದವರಷ್ಟೇ ಅಲ್ಲ, ಹಿಂದಿನ ಬೀದಿಯವರೂ ಬಂದು ನೋಡಿಕೊಂಡು ಉಸಲಿ ತಿಂದು ಹೋಗುತ್ತಿದ್ದರು. ಟೀಚರ ಊರ ಕಡೆ ಬೊಂಬೆ ಕೂರಿಸುವ ಪದ್ಧತಿಯೇ ಇಲ್ಲ. ಅವರೇ ಹೇಳಿದ್ದರು. ಆದ್ದರಿಂದ ಆ ವರ್ಷ ಮಗಳು ಬಂದು, ತನ್ನ ತಮಿಳಿನಲ್ಲೇ, "ಅಮ್ಮಾ, ಈ ಸಲ ಟೀಚರ್ ಮನೇಲೂ ಬೊಂಬೆ. ಯುದ್ಧದ ಬೊಂಬೆ" ಎಂದಾಗ ನನಗೆ ನಗು ಬಂತು.

"ಯಾವ ಯುದ್ಧವೇ? ಮಹಾಭಾರತವಾ?"

"ಇಲ್ಲಮ್ಮ. ಬಾರ್ಸಿಲೋನಾ."

ಅದು ಸ್ಪೇನ್ ದೇಶದ ಊರಂತೆ. ಮಂಗಳೂರಿನ ಕಾನ್ವೆಂಟಿನಲ್ಲಿ ಟೀಚರಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ ಒಬ್ಬ ಮುದುಕಿ ಸಿಸ್ಟರ್ ಆ ಊರಿನವರು. ತಮ್ಮ ಮನೆಯ ಹಿಂದಿನ ಬೆಟ್ಟದ ಕಥೆಯನ್ನು ಅವರು ಹೇಳಿದ್ದು, ಇವರ ತಲೆಯಲ್ಲಿ ಕೂತುಬಿಟ್ಟಿತ್ತು.

ಟೀಚರ್ ಮೂರು ಮೆಟ್ಟಿಲು ಹೆಸರಿಗೆ ಇಟ್ಟರು. ಎಲ್ಲ ಇದ್ದದ್ದು ಕೆಳಗೆ. ಮೆಟ್ಟಿಲ ಮುಂದೆ ನೆಲದ ಮೇಲೆ ಮಣ್ಣು ಹರಡಿ ಊರು, ತೋಟ ಮಾಡುವುದಕ್ಕೆ ಮದರಾಸಿನಲ್ಲಿ ಪಾರ್ಕ್ ಎನ್ನುತ್ತಾರೆ. ನಾವೂ ಮಾಡುತ್ತೇವೆ, ಕನ್ನಡಿಯ ಕೊಳ, ಎರಡು ಬಾತುಕೋಳಿ. ಟೀಚರ ಪಾರ್ಕು ಅರ್ಧ ಕೋಣೆ ನುಂಗಿತ್ತು. ಗೋಣಿಯ ಮೇಲೆ ಮಣ್ಣು ಮೆತ್ತಿದ ಬೆಟ್ಟ, ಅದರ ತಲೆಯ ಮೇಲೆ ರಟ್ಟಿನ ಕೋಟೆ. ಒಂದು ಕಡೆ ನೀಲಿ ಸೀರೆಯ ಸಮುದ್ರ. ಬೆಟ್ಟದ ಕೆಳಗೆ ತಟ್ಟೆಗಳಲ್ಲಿ ರಾಗಿ ಬಿತ್ತಿ ಬೆಳೆಸಿದ ಎಳೆ ಹಸಿರು ಹೊಲ. ರಾಜನ ಸೈನ್ಯಕ್ಕೆ ಮದುವೆ ದಿಬ್ಬಣದ ಬ್ಯಾಂಡಿನ ಬೊಂಬೆಗಳು ಮತ್ತು ಆರು ಜನ ಕೆಂಪು ಟೋಪಿ ಪೊಲೀಸರು. ಆಚೆ ಪಕ್ಷಕ್ಕೆ ತರಕಾರಿಯವಳು, ಮೀನುಗಾರ, ಹಾವಾಡಿಗ, ಬುಟ್ಟಿ ಹೊತ್ತವರು. ಅವರ ಕೈಗೆಲ್ಲ ನನ್ನ ಮಗಳು ಡಾಲ್ಡಾ ಡಬ್ಬಿಯ ತಗಡು ಕತ್ತರಿಸಿ ಕುಡುಗೋಲು ಮಾಡಿ ಕಟ್ಟಿದ್ದಳು. ಹದಿನೈದು ದಿನ ಆ ಕೆಲಸ. ಅಷ್ಟು ದಿನವೂ ನನ್ನ ಒಂಬತ್ತು ಮೆಟ್ಟಿಲನ್ನು ನಾನೊಬ್ಬಳೇ ಜೋಡಿಸಿದೆ.

ಮೊದಲನೆಯ ಸಂಜೆ ನೋಡಲು ಮೇಲೆ ಹೋದೆ. ಹೋಗದಿದ್ದರೆ ಆಡಿಕೊಳ್ಳುತ್ತಾರಲ್ಲ. ನೋಡುತ್ತೇನೆ, ಬಾರ್ಸಿಲೋನಾ ಊರಿನ ಬಾಗಿಲಲ್ಲಿ ನನ್ನ ಶೆಟ್ಟಿ ಬೊಂಬೆ ಕೂತಿದೆ!

"ಊರಿನ ಯಜಮಾನರು ಬೇಕಿತ್ತಮ್ಮ" ಎಂದಳು ಮಗಳು. ಕೇಳಿರಲೂ ಇಲ್ಲ.

ಟೀಚರ್ ಕೊಡೆಯ ತುದಿಯಿಂದ ತೋರಿಸುತ್ತ ಕಥೆ ಹೇಳಿದರು. ಸ್ಪೇನಿನ ರಾಜ ತನ್ನ ಸೈನಿಕರನ್ನು ರೈತರ ಮನೆಗಳಲ್ಲಿ ಇಳಿಸಿದ. ಅವರು ಉಂಡರು, ಮಲಗಿದರು, ಇದ್ದದ್ದನ್ನೆಲ್ಲ ದೋಚಿದರು. ಜೂನ್ ತಿಂಗಳಲ್ಲಿ ಕೊಯ್ಲಿನ ಆಳುಗಳು ಕುಡುಗೋಲು ಹಿಡಿದೇ ಪಟ್ಟಣಕ್ಕೆ ನುಗ್ಗಿದರು. ಆಮೇಲೆ ಊರಿನವರು ಫ್ರಾನ್ಸಿನ ರಾಜನ ಕೈ ಹಿಡಿದರು. ಇವರನ್ನು ಬಗ್ಗುಬಡಿಯಲು ಸ್ಪೇನಿನ ರಾಜನ ದೊಡ್ಡ ಸೈನ್ಯ ಬಂತು, ಬೆಟ್ಟ ಹತ್ತಿತು.

"ಹತ್ತಿ, ಕೋಟೆ ಗೋಡೆಯ ಬುಡದಲ್ಲಿ ನಿಂತು ನೋಡ್ತಾರೆ, ಏಣಿಯೇ ಇಲ್ಲ!" ಎಂದು ಟೀಚರ್ ತೊಡೆ ತಟ್ಟಿಕೊಂಡು ನಕ್ಕರು. "ಅಷ್ಟು ಸೈನ್ಯ ಉಂಟು, ಏಣಿ ತರ್ಲಿಲ್ಲ ಮಾರಾಯ್ರೆ. ಅಷ್ಟರಲ್ಲಿ ಕೆಳಗಿನ ಊರಿನವರು, ಹಡಗಿನವರು, ಎಲ್ಲ ಓಡಿ ಬಂದ್ರು. ಸೈನ್ಯ ಹೆದರಿ ಓಡಿತು."

ಎದುರು ಪೋರ್ಷನ್ನಿನ ಬ್ಯಾಂಕಿನವರ ಹೆಂಡತಿ, "ನಮ್ಮನೆಯವರೇ ಕಣ್ರೀ ಸೇನಾಪತಿ. ಮಾರ್ಕೆಟ್ಟಿಗೆ ಹೋಗೋವಾಗ ಚೀಲ ಮರೀತಾರೆ" ಎಂದರು. ಎಲ್ಲರೂ ನಕ್ಕರು. ನನ್ನ ಮಗಳು ಟೀಚರ ಮುಖ ನೋಡಿ ನಕ್ಕಳು.

ಹನ್ನೊಂದು ವರ್ಷದ ಮೇಲೆ ಅದೇ ರಾಜ ಆ ಊರನ್ನು ಮತ್ತೆ ಹಿಡಿದನಂತೆ. ಅದನ್ನು ಕೇಳಿ ಆ ಸಂಜೆ ಸಮಾಧಾನವಾದದ್ದು ನನಗೊಬ್ಬಳಿಗೇ ಇರಬೇಕು.

ಮಾರನೆಯ ದಿನದಿಂದ ನನ್ನ ಮನೆಗೆ ಜನವಿಲ್ಲ. ಮೂರು ಪಾವು ಕಡಲೆಕಾಳಿನ ಉಸಲಿ ಮಾಡಿ ಕೂತಿದ್ದೆ. ಬ್ಯಾಂಕಿನವರ ಹೆಂಡತಿ ಬಾಗಿಲಲ್ಲಿ ಇಣುಕಿ, "ಏನ್ರೀ ಬಿಕೋ ಅಂತಿದೆ? ಓ, ಎಲ್ಲಾ ಮೇಲೆ ಯುದ್ಧಕ್ಕೆ ಹೋಗಿದಾರೆ" ಎಂದು ಹೇಳಿ ತಾವೂ ಮೆಟ್ಟಿಲು ಹತ್ತಿದರು.

ಐದನೆಯ ದಿನ ಟೀಚರ್ ಶಾಲೆಯ ಹುಡುಗಿಯರನ್ನು ತಂಜಾವೂರಿಗೆ ಕರೆದುಕೊಂಡು ಹೋಗಬೇಕಾಗಿತ್ತು. ಎರಡು ದಿನ. ನನ್ನ ಮಗಳೂ ಹೊರಟಳು. ಟೀಚರ್ ಬೀಗದ ಕೈ ನನ್ನ ಕೈಗಿಟ್ಟು, "ಅಕ್ಕಾ, ಸಂಜೆ ಒಂದು ದೀಪ ಹಚ್ಚಿ. ಹೊಲಕ್ಕೆ ಎರಡು ಹೊತ್ತೂ ಸ್ವಲ್ಪ ನೀರು ಚಿಮುಕಿಸಿ. ನೀವಿದ್ದೀರಿ ಅಂತ ನಂಗೆ ಧೈರ್ಯ" ಎಂದರು.

ದೀಪ ಹಚ್ಚಿದೆ. ಆರತಿಯನ್ನೂ ಎತ್ತಿದೆ. ಬೊಂಬೆಗೆ ಅದನ್ನು ತಪ್ಪಿಸುವ ಹಾಗಿಲ್ಲ, ಅದರಲ್ಲಿ ಮೋಸ ಮಾಡಲಿಲ್ಲ. ನೀರು ಮಾತ್ರ ಹಾಕಲಿಲ್ಲ. ಕೊಳಾಯಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದ್ದ ಕಾಲ, ಆ ನೆಪ ಹೇಳಬಹುದು. ಆದರೆ ಹಿತ್ತಲ ಬಾವಿಯಲ್ಲಿ ನೀರಿತ್ತು. ಮದರಾಸಿನ ಸೆಕೆ, ಮೇಲೆ ಕಾದ ತಾರಸಿ. ಎರಡನೆಯ ಸಂಜೆಗೆ ಹೊಲವೆಲ್ಲ ಹಳದಿಯಾಗಿ ಮಲಗಿತು. ನಾನು ಅದರ ಮುಂದೆ ಕೂತು ಒಂದು ವೀಳ್ಯ ಹಾಕಿಕೊಂಡೆ.

ಮರುದಿನ ಅವರು ಬಂದಾಗ ನೋಡಲು ಬಂದ ಹೆಂಗಸರೂ ಇದ್ದರು. ಮಗಳು ಒಳಗೆ ಓಡಿದವಳು ಹಾಗೇ ನಿಂತಳು.

"ಏಮ್ಮಾ ತಣ್ಣಿ ಊತ್ತಲೆ?" ಎಂದು ಎಲ್ಲರ ಎದುರು ಕಿರುಚಿದಳು. ಯಾಕೆ ನೀರು ಹಾಕಲಿಲ್ಲ ಎಂದು. ಕಣ್ಣಲ್ಲಿ ನೀರು. ಆ ನೋಟವನ್ನು ಮಗಳ ಮುಖದಲ್ಲಿ ಯಾವ ತಾಯಿಯೂ ನೋಡಬಾರದು. ಇನ್ನು ಇವಳು ನನ್ನವಳಲ್ಲ ಎಂದುಕೊಂಡೆ.

ಟೀಚರ್ ಬಗ್ಗಿ ತಟ್ಟೆಯ ಮಣ್ಣಿಗೆ ಬೆರಳು ಇಳಿಸಿದರು. ಮಣ್ಣು ಪುಡಿಪುಡಿಯಾಗಿತ್ತು. ನನ್ನನ್ನು ಒಂದು ಸಲ ನೋಡಿದರು. ಅವರಿಗೆ ಎಲ್ಲ ಗೊತ್ತಾಯಿತು. ಎದ್ದು ನಿಂತು ಮಗಳ ತಲೆಗೆ ಮೆಲ್ಲಗೆ ಮೊಟಕಿದರು.

"ಅಮ್ಮನಿಗೆ ಎಂತಕ್ಕೆ ಬೈಯುದು ನೀನು? ನಾನೇ ಹೇಳಿದ್ದು, ನೀರು ಹಾಕುದು ಬೇಡ ಅಂತ. ಯುದ್ಧ ಆದದ್ದು ಯಾವ ತಿಂಗಳು?"

"ಜನವರಿ" ಎಂದಳು ಮಗಳು, ಮೂಗು ಎಳೆದುಕೊಳ್ಳುತ್ತ.

"ಕೊಯ್ಲು ಮುಗಿದದ್ದು?"

"ಜೂನ್."

"ಮತ್ತೆ? ಕೊಯ್ದ ಹೊಲದಲ್ಲಿ ಹಸಿರು ಎಲ್ಲಿಂದ? ತಪ್ಪು ಮಾಡಿದ್ದು ನಾವು. ಸರಿ ಮಾಡಿಕೊಟ್ಟದ್ದು ಅಮ್ಮ."

ಮಗಳು ನನ್ನ ಕಡೆ ತಿರುಗಿದಳು. ಎಷ್ಟೋ ತಿಂಗಳ ಮೇಲೆ ನನ್ನ ತೋಳು ಹಿಡಿದುಕೊಂಡಳು. "ಅಮ್ಮಾ, ನೀನೂ ನಮ್ಮ ಪಾರ್ಟಿಯಾ?" ಎಂದಳು, ಕನ್ನಡದಲ್ಲೇ.

ಹೂಂ ಎಂದೆ. ನಾಚಿಕೆಯಾಯಿತು ಎಂದು ಬರೆದರೆ ಸುಳ್ಳು. ಹೊಟ್ಟೆಯೇ ಉರಿಯಿತು. ನನ್ನ ಮಗಳನ್ನು ನನಗೆ ವಾಪಸು ಕೊಡುವುದಕ್ಕೂ ಅವರೇ ಬೇಕಾಯಿತಲ್ಲ ಎಂದು.

ಆ ಮಾತನ್ನು ಟೀಚರ್ ಮತ್ತೆ ಎತ್ತಲಿಲ್ಲ. ನಾನೊಬ್ಬಳೇ ಇದ್ದಾಗಲೂ ಇಲ್ಲ. ಎತ್ತಿ ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಬದಲಿಗೆ ಪ್ರತಿ ವರ್ಷ ಬೊಂಬೆ ಹಬ್ಬಕ್ಕೆ, "ಅಕ್ಕಾ, ನಿಮ್ಮ ಉಸಲಿ ಇಲ್ಲದೆ ನನ್ನ ಹಬ್ಬ ಇಲ್ಲ" ಎಂದು ಪಾತ್ರೆ ಹಿಡಿದು ಬರುತ್ತಿದ್ದರು. ಬೇಕೆಂದೇ ಒಂದು ಸಲ ಉಪ್ಪು ಜಾಸ್ತಿ ಹಾಕಿ ಕೊಟ್ಟೆ. ತಿಂದು, "ಒಳ್ಳೇದಿತ್ತು" ಎಂದರು.

ಮಗಳು ಚರಿತ್ರೆಯನ್ನೇ ಓದಿ, ಎಂಬತ್ತರ ದಶಕದಲ್ಲಿ ಒಂದು ಶಾಲೆಯಲ್ಲಿ ಟೀಚರಾದಳು. ಪ್ರತಿ ವರ್ಷ ತನ್ನ ಕ್ಲಾಸಿನ ಮಕ್ಕಳಿಗೆ ಆ ಬೆಟ್ಟದ ಯುದ್ಧ ಹೇಳುತ್ತಿದ್ದಳು. "ನಮ್ಮಮ್ಮ ಓದಿದವರಲ್ಲ. ಆದರೂ ಎರಡು ದಿನ ನೀರು ಹಾಕದೆ ಕಾದು, ಹೊಲವನ್ನು ಜನವರಿ ಮಾಡಿಕೊಟ್ಟರು" ಎನ್ನುತ್ತಿದ್ದಳಂತೆ. ಮನೆಗೆ ಬಂದವರಿಗೂ ಹೇಳುತ್ತಿದ್ದಳು. ಟೀಚರ್ ಅಲ್ಲೇ ಕೂತಿದ್ದರೆ ಕಾಫಿ ಲೋಟದೊಳಗೆ ನೋಡುತ್ತಿದ್ದರು. ನಾನು ಏನಾದರೂ ನೆಪ ಮಾಡಿ ಒಳಗೆ ಹೋಗುತ್ತಿದ್ದೆ.

ಟೀಚರ್ ಹೋದದ್ದು ಒಂದು ಮಧ್ಯಾಹ್ನ, ಎದೆನೋವು ಬಂದು, ಆಸ್ಪತ್ರೆ ತಲುಪುವ ಮುಂಚೆ. ಮಂಗಳೂರಿಂದ ಅವರ ತಮ್ಮ ಬಂದು ಎಲ್ಲ ಮುಗಿಸಿದ. ಸ್ಮಶಾನದಿಂದ ಗಂಡಸರು ಬಂದ ಮೇಲೆ ಮಗಳು ತಲೆಗೆ ಸ್ನಾನ ಮಾಡಿ ಬಂದು ನನ್ನ ಪಕ್ಕ ಕೂತಳು. ಅಳು ನಿಲ್ಲಲಿಲ್ಲ. ನಾನು ಸತ್ತರೂ ಇಷ್ಟು ಅಳುತ್ತಾಳೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಅವಳು ನನ್ನ ತೋಳಿಗೆ ಒರಗಿ ಹೇಳಿದಳು: "ಆ ಹೊಲ ನೀವಿಬ್ಬರೂ ಸೇರಿ ಮಾಡಿದ್ದಲ್ಲಾಮ್ಮ. ಅದೊಂದು ನೆನಪು ಸಾಕು ನನಗೆ."

ಮರುದಿನ ಬೆಳಿಗ್ಗೆ ಅವಳು ಶಾಲೆಗೆ ಹೊರಟಾಗ ಕೈ ಹಿಡಿದು ಅಡಿಗೆಮನೆಯ ಹೊಸಿಲ ಮೇಲೆ ಕೂರಿಸಿದೆ.

"ನೀರು ಹಾಕಬೇಡಿ ಅಂತ ಟೀಚರ್ ಹೇಳಿರಲಿಲ್ಲ" ಎಂದೆ. "ಎರಡು ಹೊತ್ತೂ ಹಾಕಿ ಅಂತಲೇ ಹೇಳಿದ್ರು. ನಾನು ಹಾಕಲಿಲ್ಲ. ನೀನು ಅವರ ಹಿಂದೆ ಹೊರಟುಹೋದೆ ಅಂತ ಹಾಕಲಿಲ್ಲ. ಇನ್ನು ಕ್ಲಾಸಲ್ಲಿ ಅದನ್ನ ಹೇಳೋವಾಗ ನಮ್ಮಮ್ಮ ಅನ್ನಬೇಡ. ನಮ್ಮ ಟೀಚರ್ ಅನ್ನು."

ಅವಳು ನನ್ನ ಮುಖವನ್ನೇ ನೋಡುತ್ತ ಕೂತಳು. ನಾನು ಎದ್ದು ಅವಳ ಡಬ್ಬಿಗೆ ಮೊಸರನ್ನ ತುಂಬಿದೆ.