ಅತ್ತೆಯ ಬ್ರಷ್ ಹತ್ತಿದ ಮೀನಿನ ಮರಿಗಳು

ನಮ್ಮತ್ತೆ ಬ್ರಷ್ ಮಾಡುವವರು. ಬಾಟಲಿ ತೊಳೆಯುವುದು, ಕೊಳವೆ ಉಜ್ಜುವುದು, ಬೇಕರಿಯವರು ಹಿಟ್ಟು ಗುಡಿಸುವುದು, ಹೀಗೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಗೋಡೆ ಕಾಣುವುದಿಲ್ಲ, ಬರೀ ಬ್ರಷ್ಷೇ ಕಾಣುತ್ತದೆ. ಹಲಗೆಗೆ ಸಾಲಾಗಿ ತೂತು ಕೊರೆದು, ಎಳೆಗಳನ್ನು ಮಡಚಿ, ಹಿಂದಿನಿಂದ ತಂತಿ ಕೊಟ್ಟು ಜಗ್ಗಿದರೆ ಒಂದು ಜುಟ್ಟು ಕೂರುತ್ತದೆ. ಮಾವ ತೀರಿಕೊಂಡ ಮೇಲೆ ಇದೇ ಜುಟ್ಟು ಜಗ್ಗಿ ಜಗ್ಗಿ ಅತ್ತೆ ನಮ್ಮವರನ್ನು ಸಾಕಿದ್ದು. ಹೆಬ್ಬೆರಳ ಮೇಲೆ ತಂತಿ ಕೊರೆದ ಗೆರೆ ಇಂದಿಗೂ ಇದೆ.

ಅವರಿಗೆ ಇರುವುದು ಒಂದೇ ಮಂತ್ರ: ಒತ್ತಾಗಿರಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮಾಡಿದ ಬ್ರಷ್ಷನ್ನು ಬೆಳಕಿಗೆ ಹಿಡಿದು, "ಆ ಕಡೆ ಬೀದಿ ಕಾಣ್ತಿದೆಯಲ್ಲೇ. ಬ್ರಷ್ ಮಾಡು ಅಂದ್ರೆ ಜರಡಿ ಮಾಡಿದೀಯ" ಎಂದರು. ಉರಿದುಹೋಯಿತು ನನಗೆ. ಆದರೆ ಅವರ ಬ್ರಷ್ ತೆಗೆದುಕೊಂಡು ನೋಡಿದರೆ ಸೂಜಿ ತೂರಿಸಲೂ ಜಾಗವಿಲ್ಲ. ಬಾಯಿ ಮುಚ್ಚಿಕೊಂಡು ಕಲಿತೆ.

ಇಂಥವರ ಹತ್ತಿರ ಒಂದು ದಿನ ಮೀನಿನ ಮೇಡಂ ಬಂದರು. ಊರ ಹೊಳೆಯ ಮೀನುಗಳನ್ನು ನೋಡಿಕೊಳ್ಳುವ ಅಧಿಕಾರಿ. ವಯಸ್ಸು ಚಿಕ್ಕದು, ಸದಾ ಮಂಡಿಯವರೆಗೆ ಒದ್ದೆ. ಅವರು ಕೇಳಿದ್ದನ್ನು ಕೇಳಿ ನಾನು ನಕ್ಕೇಬಿಟ್ಟೆ. ಮೀನು ಹತ್ತುವುದಕ್ಕೆ ಬ್ರಷ್ ಬೇಕಂತೆ.

"ಹಾವುಮೀನು ಅಂತ ಇದೆ ಅಮ್ಮ," ಎಂದರು ಮೇಡಂ. "ಹುಟ್ಟೋದು ದೂರದ ಸಮುದ್ರದಲ್ಲಿ. ಮರಿಗಳು ದಾರದಷ್ಟು ಸಣ್ಣ ಇರುವಾಗಲೇ ಹೊಳೆ ಹತ್ತಿ ಬರ್ತಾವೆ. ಆದ್ರೆ ನಮ್ಮ ಹೊಳೆಗೆ ಅಡ್ಡ ಒಡ್ಡು ಕಟ್ಟಿದಾರಲ್ಲ, ಆ ಗೋಡೆ ಹತ್ತೋಕಾಗಲ್ಲ. ಪಕ್ಕದಲ್ಲಿ ಒಂದು ಇಳಿಜಾರು ಕಾಲುವೆ ಇಟ್ಟು, ಅದರ ತಳಕ್ಕೆ ನಿಮ್ಮ ಬ್ರಷ್ ಹಲಗೆ ಜೋಡಿಸಿ, ಮೇಲಿಂದ ತೆಳ್ಳಗೆ ನೀರು ಬಿಡ್ತೀನಿ. ಎಳೆಗಳ ನಡುವೆ ಮೈ ಬಳುಕಿಸ್ಕೊಂಡು ಹತ್ತುತ್ತಾವೆ."

"ಅಷ್ಟು ದೊಡ್ಡ ಸಮುದ್ರ ಬಿಟ್ಟು ಇಲ್ಲಿಗ್ಯಾಕೆ ಬರ್ತಾವೆ? ಅಲ್ಲಿ ಜಾಗಕ್ಕೆ ಬರವೇ?" ಅತ್ತೆ ಕೇಳಿದರು.

"ಅಲ್ಲಿ ತಿನ್ನೋ ಬಾಯಿ ಜಾಸ್ತಿ ಅಮ್ಮ. ಸಿಹಿನೀರಲ್ಲಿ ಪೈಪೋಟಿ ಕಮ್ಮಿ, ಹೊಟ್ಟೆಗೂ ಸಿಗುತ್ತೆ. ಬೆಳೆಯೋ ತನಕ ಇಲ್ಲಿ, ಮೊಟ್ಟೆ ಇಡೋಕೆ ವಾಪಸ್ ಸಮುದ್ರಕ್ಕೆ. ಬೇರೆ ಕೆಲವು ಮೀನಿನದು ಉಲ್ಟಾ. ಹೊಳೇಲಿ ಹುಟ್ಟಿ, ಸಮುದ್ರದಲ್ಲಿ ಚೆನ್ನಾಗಿ ತಿಂದು ಬೆಳೆದು, ಮರಿಗಳು ಕ್ಷೇಮವಾಗಿರಲಿ ಅಂತ ಮೊಟ್ಟೆ ಇಡೋಕೆ ಹೊಳೆಗೇ ಬರ್ತಾವೆ."

"ಅಂದ್ರೆ ಹೆರಿಗೆಗೆ ತವರಿಗೆ ಬಂದ ಹಾಗೆ," ಎಂದರು ಅತ್ತೆ. ಆ ಕ್ಷಣಕ್ಕೇ ಕೆಲಸ ಒಪ್ಪಿಕೊಂಡಾಯಿತು.

ಹೊರಡುವಾಗ ಮೇಡಂ ಸ್ಪಷ್ಟವಾಗಿ ಹೇಳಿದ್ದರು, ಜುಟ್ಟುಗಳ ಮಧ್ಯೆ ಒಂದು ಬೆರಳು ಹೋಗುವಷ್ಟು ಜಾಗ ಬಿಡಿ ಎಂದು. ಅತ್ತೆ ತಲೆ ಆಡಿಸಿದರು. ಮೇಡಂ ಬೀದಿ ದಾಟಿದ್ದೇ ತಡ, "ಪಾಪ, ಮೀನಿನ ವಿಷಯ ಗೊತ್ತು, ಬ್ರಷ್ಷಿನ ವಿಷಯ ಏನು ಗೊತ್ತು ಅವರಿಗೆ? ಬೆರಳು ಜಾಗ ಬಿಟ್ರೆ ಮರಿ ಜಾರಿ ಬೀಳಲ್ವಾ?" ಎಂದು ಗೊಣಗಿ, ಹಗಲೆಲ್ಲ ಕೂತು ತಮ್ಮ ಜೀವಮಾನದಲ್ಲೇ ಎಲ್ಲಕ್ಕಿಂತ ಒತ್ತಾದ ಹಲಗೆಗಳನ್ನು ಮಾಡಿ ಮುಗಿಸಿದರು. ಹಲಗೆ ಜೋಡಿಸುವಾಗ ಮೇಡಂ ಅವನ್ನು ಸವರಿ ನೋಡಿದರು, ಬೆರಳು ತೂರಲಿಲ್ಲ. ಹಿರಿಯರ ಮುಖ ನೋಡಿ ಹಾಗೇ ಜೋಡಿಸಿದರು.

ಅವತ್ತು ಸಂಜೆ ನಾವೂ ಹೊಳೆಗೆ ಹೋದೆವು. ಮರಿಗಳನ್ನು ಕಂಡಾಗ ನನ್ನ ನಗು ಹಾರಿಹೋಯಿತು. ಒಡ್ಡಿನ ಬುಡದಲ್ಲಿ ನೀರೇ ಕದಲುತ್ತಿದೆ ಎನ್ನಿಸುವಷ್ಟು ಮರಿಗಳು; ಮೈಯೆಲ್ಲ ಪಾರದರ್ಶಕ, ಕಪ್ಪು ಚುಕ್ಕಿಯಂಥ ಕಣ್ಣು. ಉಪ್ಪುನೀರಿನ ಮೈಯನ್ನು ಸಿಹಿನೀರಿಗೆ ಒಗ್ಗಿಸಿಕೊಂಡು, ಎಲ್ಲಿಂದಲೋ ಬಂದು, ಈ ಗೋಡೆಗೆ ಮೂತಿ ಒತ್ತಿಕೊಂಡು ನಿಂತಿವೆ. ಪಕ್ಕದಲ್ಲೇ ಕೊಕ್ಕರೆಗಳ ಸಾಲು ಊಟಕ್ಕೆ ಕೂತಿದೆ.

ಒಂದು ಮರಿಯೂ ಹತ್ತಲಿಲ್ಲ. ಮರುದಿನವೂ ಇಲ್ಲ. "ಇವು ಬರೋದು ವರ್ಷಕ್ಕೊಂದೇ ಸಲ. ಈ ವಾರ ದಾಟದಿದ್ರೆ ಅಷ್ಟೂ ಕೊಕ್ಕರೆ ಪಾಲು" ಎಂದು ಮೇಡಂ ಮೆಲ್ಲಗೆ ಹೇಳಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ನನಗೆ ಸಂಕಟ. ಅತ್ತೆಗೆ ಅನ್ನ ಸೇರದು. ಕೊಕ್ಕರೆಗಳನ್ನು ಬೈದು ಬೈದು ಅವರ ಗಂಟಲು ಬಿದ್ದುಹೋಯಿತು.

ಆಮೇಲಿನ ಸಂಜೆ ಅವರು ಒದ್ದೆ ಕಲ್ಲಿನ ಮೇಲೆ ಬೋರಲು ಮಲಗಿ ಹಲಗೆಯ ಬುಡವನ್ನೇ ದಿಟ್ಟಿಸಿದರು. ಒಂದು ಮರಿ ಎಳೆಗಳಿಗೆ ಮೂತಿ ತೂರಿಸಿತು. ಆಗಲಿಲ್ಲ. ಪಕ್ಕಕ್ಕೆ ಸರಿದು ಮತ್ತೆ ತೂರಿಸಿತು. ಅಲ್ಲೂ ಆಗಲಿಲ್ಲ. ಹಾಗೇ ಸಾಲುದ್ದಕ್ಕೂ ಹುಡುಕಿ ಹುಡುಕಿ ಸುಸ್ತಾಗಿ ನೀರಿಗೆ ಜಾರಿತು.

ಅತ್ತೆ ಎದ್ದು ಸೆರಗು ಹಿಂಡಿಕೊಂಡರು. "ಮೇಡಂ, ನೀವು ಬೆರಳು ಅಂದ್ರಿ. ನಾನು ಉಗುರೂ ತೂರದ ಹಾಗೆ ಮಾಡಿದೀನಿ. ತಪ್ಪು ನಂದೇ."

ಈ ಮಾತು ಅವರ ಬಾಯಲ್ಲಿ ಕೇಳಬೇಕೆಂದು ನಾನು ಎಷ್ಟು ವರ್ಷ ಕಾದಿದ್ದೆನೋ. ಕೇಳಿದಾಗ ಮಾತ್ರ ಖುಷಿಯಾಗಲಿಲ್ಲ.

ಬೆಳಿಗ್ಗೆ ಹಲಗೆಗಳು ಮನೆಗೆ ಬಂದವು. ಜುಟ್ಟು ಕೀಳುವಂತಿಲ್ಲ, ಸಾಲಿಗೆಲ್ಲ ಒಂದೇ ತಂತಿ, ಒಂದನ್ನು ಕಿತ್ತರೆ ಸಾಲೇ ಸಡಿಲ. ನಡುನಡುವಿನ ಜುಟ್ಟುಗಳ ಬುಡಕ್ಕೆ ಕತ್ತರಿ ಹಾಕಬೇಕು. ಅತ್ತೆ ಕತ್ತರಿ ಹಿಡಿದರು, ಇಟ್ಟರು, ಮತ್ತೆ ಹಿಡಿದರು. ಕೊನೆಗೆ ನನ್ನತ್ತ ತಳ್ಳಿ, "ನನಗೆ ಕೈ ಬರಲ್ಲ. ನೀನು ಕತ್ತರಿಸು, ನಾನು ತೋರಿಸ್ತೀನಿ" ಎಂದರು. ಅವರು ಬೆರಳಿಟ್ಟಲ್ಲೆಲ್ಲ ನಾನು ಕತ್ತರಿಸಿದೆ. ನಮ್ಮವರು ಬಾಗಿಲಲ್ಲಿ ಇಣುಕಿ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದರು. ಅತ್ತೆ ಒಂದು ಬಾಟಲಿ ಬ್ರಷ್ ಎಸೆದರು, ಗುರಿ ತಪ್ಪಲಿಲ್ಲ.

ಹೊತ್ತು ಮುಳುಗುವಾಗ ಹಲಗೆ ಕೂರಿಸಿ ನೀರು ಬಿಟ್ಟೆವು. ಒಂದು ಮರಿ ಬಂತು. ಮೂತಿ ತೂರಿಸಿತು, ಒಳಗೆ ಹೋಯಿತು. ಎಡಕ್ಕೊಂದು ಜುಟ್ಟಿಗೆ ಒರಗಿ, ಬಲಕ್ಕೊಂದಕ್ಕೆ ಒದ್ದು, ಒಂದು ಗೇಣು ಏರಿತು. ಅದರ ಹಿಂದೆ ಇನ್ನೊಂದು. ಆಮೇಲೆ ಯಾವುದು ಮೊದಲು ಯಾವುದು ಹಿಂದೆ ಯಾರು ನೋಡಿದರು, ಹಲಗೆಗೆ ಹಲಗೆಯೇ ಮಿಸುಕಾಡತೊಡಗಿತು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದರು. ನಾನು ಕುಣಿಯುತ್ತಿದ್ದೆನಂತೆ, ನನಗೆ ನೆನಪಿಲ್ಲ. ಮೊದಲನೆಯದು ತುದಿ ಮುಟ್ಟಿ ಆಚೆ ನೀರಿಗೆ ಬಿದ್ದಾಗ ಅತ್ತೆ, "ಹೋಗು ಮಗಾ, ಹೊಟ್ಟೆ ತುಂಬ ತಿನ್ನು" ಎಂದರು.

ಬಹಳ ಹೊತ್ತಾದ ಮೇಲೆ ಅವರು ಕೇಳಿದರು, "ಇವು ವಾಪಸ್ ಸಮುದ್ರಕ್ಕೆ ಹೋಗೋದು ಯಾವಾಗ?"

"ಬೆಳೆಯೋಕೆ ಹತ್ತು ವರ್ಷ ಬೇಕು ಅಮ್ಮ. ಕೆಲವಕ್ಕೆ ಇಪ್ಪತ್ತೂ ಆಗಬಹುದು."

"ಹಾಗಾದ್ರೆ ಅಷ್ಟೊತ್ತಿಗೆ ನಾನಿರಲ್ಲ," ಎಂದರು ಅತ್ತೆ, ಹಲಗೆಯಿಂದ ಕಣ್ಣು ತೆಗೆಯದೆ.

"ಸುಮ್ನಿರಿ ಅತ್ತೆ, ಏನೇನೋ ಮಾತಾಡ್ಬೇಡಿ" ಎಂದೆ.

"ಯಾಕೆ ಸುಮ್ನಿರ್ಲಿ? ಕೇಳಿಲ್ಲಿ. ಬರೋ ವರ್ಷ ಇವುಗಳ ತಮ್ಮ ತಂಗಿಯರು ಬರ್ತಾರೆ. ಹೊಸ ಹಲಗೆ ನೀನೇ ಮಾಡ್ಬೇಕು. ನಾನು ಬದುಕಿದ್ರೂ ನನ್ನ ಕೈಗೆ ಕೊಡ್ಬೇಡ. ನಾನು ಮತ್ತೆ ಒತ್ತಾಗಿ ಹಾಕಿಬಿಡ್ತೀನಿ."

ಆಗಲಿ ಎಂದೆ. ಅಷ್ಟರಲ್ಲಿ ಇನ್ನೊಂದು ಗುಂಪು ತುದಿಗೆ ಬಂತು, ಅತ್ತೆ ನನ್ನ ರಟ್ಟೆ ಹಿಡಿದು ಎಳೆದು ತೋರಿಸಿದರು.